ಫೈನಲ್ ಫ್ಯಾಂಟಸಿ 10: ಸರದಿ ನೋಡಿ ಹೊಡೆಯಿರಿ

ತೀರ್ಥಹಳ್ಳಿಯ ಮನೆಯಲ್ಲಿ ತಮ್ಮನ ಮಗಳಿಗೆ ಈ ವಿಡಿಯೋ ಗೇಮ್ ಕಲಿಸುವಾಗ ನಾನು ಮೊದಲು ಹೇಳಿದ್ದು: "ಪುಟ್ಟಿ, ಗುಂಡಿ ಒತ್ತುವ ಮುಂಚೆ ಪರದೆಯ ಬಲಮೂಲೆ ನೋಡು."

2001ರಲ್ಲಿ ಬಂದ ಈ ಆಟದ ಜೀವಾಳ ಅಲ್ಲಿದೆ. ಮುಂದೆ ಯಾರ ಸರದಿ ಎಂಬ ಪಟ್ಟಿ ಅದು. ನೀವು ಯೋಚಿಸುವಷ್ಟು ಹೊತ್ತೂ ಶತ್ರು ಕಾಯುತ್ತಾನೆ, ಅವಸರ ಬೇಡ. ಕಥಾನಾಯಕ ಟೀಡಸ್‌ಗೆ ವೇಗ ಹೆಚ್ಚಿಸುವ ಹೇಸ್ಟ್ ಮಂತ್ರ ಸಿಕ್ಕ ಮೇಲೆ ದೊಡ್ಡ ಕಾಳಗಗಳಲ್ಲಿ ಅದನ್ನೇ ಮೊದಲು ಹಾಕಿ. ಪಟ್ಟಿಯಲ್ಲಿ ನಮ್ಮವರ ಮುಖಗಳೇ ಮತ್ತೆ ಮತ್ತೆ ಬರತೊಡಗುತ್ತವೆ. ಆ ಕ್ಷಣ ನನಗೆ ಇಂದಿಗೂ ಖುಷಿ ಕೊಡುತ್ತದೆ.

ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ: ಹಾರುವ ಜೀವಿಗೆ ವಾಕಾ, ಗಟ್ಟಿ ಕವಚದ್ದಕ್ಕೆ ಆರನ್, ಬೆಂಕಿ ಹಿಮಗಳ ಜೀವಿಗಳಿಗೆ ಲೂಲು. ಕಾಳಗದ ನಡುವೆಯೇ ಇವರನ್ನು ಬದಲಾಯಿಸಬಹುದು, ಬಂದವರು ತಕ್ಷಣ ಹೊಡೆಯಬಹುದು. ಕಣಕ್ಕಿಳಿದು ಏನಾದರೂ ಮಾಡಿದವರಿಗಷ್ಟೇ ಶಕ್ತಿ ಬೆಳೆಸಿಕೊಳ್ಳುವ ಅಂಕ ಸಿಗುತ್ತದೆ. ಹಾಗಾಗಿ ಎಲ್ಲರಿಗೂ ಒಂದೊಂದು ಸರದಿ ಕೊಡಿ.

ಕಥೆಯ ಹಾದಿ ಸರಳ: ದಾರಿ, ದೇಗುಲ, ಒಗಟು, ಕೊನೆಗೆ ತಂಡದ ಯೂನಾಳಿಗೆ ಒಲಿಯುವ ಏಯಾನ್, ಅಂದರೆ ಅವಳು ಕರೆದಾಗ ಕಾಳಗಕ್ಕೆ ಬರುವ ದೈತ್ಯಶಕ್ತಿ. ಆಟವನ್ನು ಉಳಿಸಿಡುವ ಹೊಳೆಯುವ ಸೇವ್ ಗೋಳ ಕಂಡಲ್ಲೆಲ್ಲ ಮುಟ್ಟಿ. ತಂಡದ ಆಯಾಸವೂ ಕಳೆಯುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಮಲೆನಾಡಿನಲ್ಲಂತೂ ಒಂದನ್ನೂ ಬಿಡಬೇಡಿ.