ಗಂಜಿ ತೆಳುವಾದರೆ ತೂಕ ಏರುವುದಿಲ್ಲ

ಮಲೆನಾಡಿನ ಮನೆಗಳಲ್ಲಿ ಆರು ತಿಂಗಳು ತುಂಬಿದ ಮಗುವಿನ ಬಾಯಿಗೆ ಮೊದಲು ಬೀಳುವುದು ಅಕ್ಕಿ ಗಂಜಿ, ಅದರಲ್ಲೂ ಮೇಲಿನ ತಿಳಿ. ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗಳಿಗೆ ಹೋಗಿ ತಾಯಿ, ಮಗುವಿನ ಪೋಷಣೆ ನೋಡುವ ನಾವು ಮೊದಲು ತಿದ್ದುವುದು ಇದನ್ನೇ. ಏಳು ಕೆ.ಜಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿ.ಲೀ. ಅಷ್ಟೂ ತಿಳಿಗಂಜಿಯಾದರೆ ಸಿಗುವುದು 40 ಕ್ಯಾಲೊರಿ ಆಸುಪಾಸು. ಎದೆಹಾಲಿನ ಜೊತೆಗೆ ದಿನಕ್ಕೆ ಬೇಕಾದದ್ದು 6–8 ತಿಂಗಳಲ್ಲಿ 200, 9–11 ತಿಂಗಳಲ್ಲಿ 300, ವರ್ಷ ದಾಟಿದ ಮೇಲೆ 550 ಕ್ಯಾಲೊರಿ. ಹೊಟ್ಟೆ ತುಂಬಿದ ಮಗು ಮಲಗುತ್ತದೆ, ಮನೆಯವರಿಗೆ ಸಮಾಧಾನ. ತೂಕ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಹಾಗೆಂದು ಹಿಟ್ಟು ಜಾಸ್ತಿ ಹಾಕಿದರೆ ಅಂಬಲಿ ಗಟ್ಟಿಯಾಗಿ ಮಗು ಉಗುಳುತ್ತದೆ, ಅಜ್ಜಿ ಮತ್ತೆ ನೀರು ಬೆರೆಸುತ್ತಾರೆ. ಇಲ್ಲಿ ಕೈಹಿಡಿಯುವುದು ಮೊಳಕೆ ರಾಗಿ. ರಾಗಿ ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಹನಿ ನೀರು ಸೇರಿಸದೆಯೇ ಅಂಬಲಿ ಸಡಿಲವಾಗುತ್ತದೆ.

ಅರ್ಧ ಕೆ.ಜಿ. ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಬಸಿದು, ಬಟ್ಟೆಯಲ್ಲಿ ಕಟ್ಟಿಡಿ. ಒಂದೂವರೆ, ಎರಡು ದಿನಕ್ಕೆ ಮೊಳಕೆ ಒಂದು ಸೆಂ.ಮೀ. ಆಗುತ್ತದೆ, ಮಳೆಗಾಲದ ಚಳಿಗೆ ಇನ್ನೊಂದು ದಿನ ಬೇಕಾಗಬಹುದು. ಬಟ್ಟೆ ಲೋಳೆ ಲೋಳೆಯಾಗಿ ಹುಳಿ ವಾಸನೆ ಬಂದರೆ ಅದನ್ನು ಎಸೆಯಲೇಬೇಕು. ಒಣಗಿಸುವುದೇ ಕಷ್ಟದ ಕೆಲಸ. ಆಷಾಢದಲ್ಲಿ ಬಿಸಿಲೆಲ್ಲಿ? ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆ ವಾಸನೆ ಹಿಡಿದು ಮಗು ಮುಟ್ಟುವುದಿಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲೇ ಕಾಳಾಗಿ ಒಣಗಿಸಿ ಬಿಗಿ ಡಬ್ಬಿಯಲ್ಲಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳುತ್ತೇವೆ. ಈ ಕಾಳನ್ನು ಹುರಿಯಬಾರದು. ಘಮ ಬರುವಂತೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಆಮೇಲೆ ಅದು ಬರೀ ರಾಗಿ ಹಿಟ್ಟು.

ಅಂಬಲಿಯ ಮೂಲ ಹಿಟ್ಟಿಗೆ ಅಕ್ಕಿ ಮೂರು ಪಾಲು, ಹೆಸರುಬೇಳೆ ಒಂದು ಪಾಲು, ಶೇಂಗಾ ಅರ್ಧ ಪಾಲು. ಇವನ್ನು ಬೇರೆಬೇರೆ ಹುರಿದೇ ಬೀಸಬೇಕು. ಥಂಡಿಗೆ ಶೇಂಗಾ ಬೇಗ ಬೂಸ್ಟು ಹಿಡಿಯುತ್ತದೆ, ಬಣ್ಣ ಕೆಟ್ಟ ಒಂದು ಬೀಜವೂ ಒಳಗೆ ಹೋಗಬಾರದು. ಒಂದು ಹೊತ್ತಿಗೆ ಮೂರು ಊಟದ ಚಮಚ ಹಿಟ್ಟು, ಅಂದರೆ ಸುಮಾರು 25 ಗ್ರಾಂ, ಒಂದು ಲೋಟ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ ಇಳಿಸಿ. ಬೆರಳು ತಾಗಿಸಿದರೆ ಇನ್ನೂ ಚುರುಕ್ಕೆನ್ನುವ ಬಿಸಿಯಲ್ಲಿ ಒಂದು ಚಿಕ್ಕ ಚಮಚ ಮೊಳಕೆ ಹಿಟ್ಟು ಹಾಕಿ ಕಲಕಿ. ಕುದಿಯುವಾಗಲೇ ಹಾಕಿದರೆ ಕೆಲಸ ಮಾಡುವುದಿಲ್ಲ. ಸೌಟಿಗೆ ಅಂಟಿಕೊಂಡಿದ್ದ ಅಂಬಲಿ ಐದಾರು ನಿಮಿಷದಲ್ಲಿ ಧಾರೆಯಾಗಿ ಇಳಿಯತೊಡಗುತ್ತದೆ. ಆಗ ಮತ್ತೊಮ್ಮೆ ಕುದಿಸಿ, ಎರಡು ಚಿಕ್ಕ ಚಮಚ ಬೆಲ್ಲದ ಪುಡಿ, ಒಂದು ಚಮಚ ತುಪ್ಪ ಸೇರಿಸಿ. ಈಗ ಅದೇ ಬಟ್ಟಲಲ್ಲಿ 170 ಕ್ಯಾಲೊರಿ ಹತ್ತಿರ ಇರುತ್ತದೆ. ತುಪ್ಪಕ್ಕೆ ಕಫವಾಗುತ್ತದೆ ಎನ್ನುವವರ ಮನೆಯಲ್ಲಿ ವಾದಕ್ಕಿಳಿಯುವುದಿಲ್ಲ, ತೆಂಗಿನೆಣ್ಣೆ ಹಾಕಿಸುತ್ತೇವೆ.

ಅಡಿಕೆ ಸುಲಿಯುವ ಕಾಲದಲ್ಲಿ ತಾಯಿ ಕತ್ತಲಲ್ಲೇ ಮೆಟ್ಟುಗತ್ತಿ ಮುಂದೆ ಕೂತಿರುತ್ತಾಳೆ. ಒಂಬತ್ತು ತಿಂಗಳ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಉಣಿಸಬೇಕು. ಯಾವ ಹೊತ್ತು ಯಾರು ಉಣಿಸುತ್ತಾರೆ ಎಂದು ಹೆಸರು ಹಿಡಿದು ಗೊತ್ತುಮಾಡದಿದ್ದರೆ ಎರಡು ಸಲಕ್ಕೇ ನಿಲ್ಲುತ್ತದೆ.

ಅಳತೆ ತಪ್ಪಿದರೆ ಸೊರಗಿದ ಮಗು ಲೆಕ್ಕಕ್ಕೇ ಸಿಗುವುದಿಲ್ಲ. ಸ್ವೆಟರ್, ಕುಲಾವಿ ಬಿಚ್ಚಿ, ತಕ್ಕಡಿ ಸೊನ್ನೆಗೆ ತಂದು ತೂಗಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಉದ್ದ ಅಳೆಯಬೇಕು. ತೋಳಿನ ಸುತ್ತಳತೆ ನೋಡುವ ಟೇಪನ್ನು ಎಡತೋಳಿನಲ್ಲಿ ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ಗುರುತು ಹಾಕಿ, ಕೈ ಇಳಿಬಿಟ್ಟಾಗ ಚರ್ಮ ಹಿಂಡದ ಹಾಗೆ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದವರೆಗೆ ಈ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 12.5ರವರೆಗೆ ಮಧ್ಯಮ. ಎರಡೂ ಪಾದಗಳನ್ನು ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ನೋಡಿ. ಗುಳಿ ಉಳಿದರೆ, ಅಥವಾ ಸೊರಗಿದ ಮಗು ಊಟವನ್ನೇ ಒಲ್ಲೆ ಎಂದರೆ, ಅಂಬಲಿ ಕೊಟ್ಟು ಕಾಯುವಂತಿಲ್ಲ. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ತಾಯಿಯದ್ದು ಇದಕ್ಕೂ ಮೊದಲಿನ ಕೆಲಸ. ಬಸುರಿಯಲ್ಲಿ 180 ದಿನ, ಹೆರಿಗೆಯಾದ ಮೇಲೆ 180 ದಿನ ಕಬ್ಬಿಣಾಂಶದ ಮಾತ್ರೆ. ಅದನ್ನು ಕಾಫಿ, ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ನುಂಗಬಾರದು, ಮೈಗೆ ಹತ್ತುವುದಿಲ್ಲ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಬಾಣಂತಿಗೆ ಸೊಪ್ಪು ನಂಜು ಎಂದು ಬರೀ ಮೆಣಸಿನ ಸಾರು, ಅನ್ನದಲ್ಲಿಡುವ ಮನೆಗಳಲ್ಲಿ ನಾವು ಮಾತಾಡುವುದು ಅತ್ತೆಯವರ ಹತ್ತಿರ. ಬೇಳೆ, ಮೊಟ್ಟೆಯಿಂದ ಶುರುಮಾಡಿ ಹರಿವೆ, ಬಸಳೆಗೆ ಬರುತ್ತೇವೆ. ಜೂನ್‌ನಲ್ಲಿ ಹಳ್ಳ ದಾಟುವ ಕಾಲುಸಂಕ ಮುಳುಗುವ ಮುಂಚೆ ಎರಡು ತಿಂಗಳ ಮಾತ್ರೆ ಹಳ್ಳದಾಚೆಯ ಮನೆಗಳಿಗೆ ತಲುಪಿರಬೇಕು.