ಮುರುಗಲು, ಮಾವಿನಕಾಯಿ, ಬೇಲ, ಗೇರು: ಮನೆಯಲ್ಲೇ ಪಾನಕ, ಶರಬತ್ತು, ಕಾಕ್‌ಟೇಲ್

ಹಣ್ಣಿನ ಪಾನೀಯ ಕೆಡುವುದು ಹೆಚ್ಚಾಗಿ ಸಿಹಿಯಿಂದ. ಹಣ್ಣು, ಸಕ್ಕರೆ, ನೀರು ಮೂರನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿ ತಿರುಗಿಸಿದರೆ ಮೊದಲ ಗುಟುಕು ರುಚಿಯಾಗಿಯೇ ಇರುತ್ತದೆ. ಅರ್ಧ ಲೋಟ ಮುಗಿಯುವಷ್ಟರಲ್ಲಿ ಬಾಯಿ ಅಂಟತೊಡಗುತ್ತದೆ, ಮತ್ತೆ ನೀರೇ ಬೇಕೆನಿಸುತ್ತದೆ. ಬಾಯಾರಿಕೆ ತಣಿಸುವ ಕೆಲಸ ಹುಳಿಯದು. ಮೊದಲು ಹುಳಿಯನ್ನು ಅಳೆದುಕೊಳ್ಳಿ, ಅದಕ್ಕೆ ತಕ್ಕಷ್ಟು ಸಿಹಿ ಕೂಡಿಸಿ, ಕೊನೆಗೆ ನೀರು. ಮನೆಯ ನಿಂಬೆ ಶರಬತ್ತಿನಿಂದ ಹಿಡಿದು ಜಿನ್ ಹಾಕಿದ ಕಾಕ್‌ಟೇಲ್‌ವರೆಗೆ ಇದೇ ಕ್ರಮ ನಡೆಯುತ್ತದೆ.

ಮೂರು ಸಾಮಾನು ಸಾಕು: ಮಿಲಿ ಗುರುತಿರುವ ಒಂದು ಅಳತೆ ಲೋಟ (ಕೆಮ್ಮಿನ ಔಷಧದ ಮುಚ್ಚಳವನ್ನು ಚೆನ್ನಾಗಿ ತೊಳೆದುಕೊಂಡರೂ ನಡೆಯುತ್ತದೆ), ಸಣ್ಣ ಕಣ್ಣಿನ ಜರಡಿ, ಮತ್ತು ಗಾಜು ಇಲ್ಲವೇ ಸ್ಟೀಲ್ ಪಾತ್ರೆ. ಹುಳಿ ಹಣ್ಣುಗಳನ್ನು ಅಲ್ಯೂಮಿನಿಯಂ, ತಾಮ್ರ ಮತ್ತು ಕಲಾಯಿ ಹೋದ ಹಿತ್ತಾಳೆ ಪಾತ್ರೆಗಳಲ್ಲಿ ಬೇಯಿಸಲೂಬೇಡಿ, ಇಡಲೂಬೇಡಿ. ಆಮ್ಲ ಲೋಹವನ್ನು ತಿನ್ನುತ್ತದೆ, ರಸಕ್ಕೆ ಲೋಹದ ರುಚಿ ಹತ್ತುತ್ತದೆ.

ಪಾಕ ಮತ್ತು ನಿಂಬೆ

ಸಕ್ಕರೆ ಹರಳು ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ. ತಳದಲ್ಲಿ ಉಳಿದ ಸಕ್ಕರೆಯನ್ನು ಗಮನಿಸದೆ ಇನ್ನಷ್ಟು ಹಾಕುವುದೇ ಅತಿಸಿಹಿಗೆ ಮೊದಲ ಕಾರಣ. ಅದಕ್ಕೇ ಪಾಕ ಮಾಡಿಟ್ಟುಕೊಳ್ಳಬೇಕು. 200 ಗ್ರಾಂ ಸಕ್ಕರೆಗೆ 200 ಮಿಲಿ ನೀರು ಹಾಕಿ, ಸಣ್ಣ ಉರಿಯಲ್ಲಿಟ್ಟು, ಹರಳು ಕರಗಿದ ಕೂಡಲೇ ಇಳಿಸಿ. ಎಳೆ ಬರುವವರೆಗೆ ಕುದಿಸಬಾರದು. ನೀರು ಆವಿಯಾದಷ್ಟೂ ಪಾಕ ಗಟ್ಟಿಯಾಗಿ, ಪ್ರತಿ ಸಲ ಸಿಹಿ ಬೇರೆಬೇರೆ ಆಗುತ್ತದೆ. ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಮೂರು ವಾರ ಬರುತ್ತದೆ.

ಒಂದು ಲೋಟ ಶರಬತ್ತಿಗೆ ನಿಂಬೆರಸ 20 ಮಿಲಿ, ಪಾಕ 30 ಮಿಲಿ, ನೀರು 180 ಮಿಲಿ, ಉಪ್ಪು ಒಂದು ಚಿಟಿಕೆ. ನಮ್ಮ ಸಣ್ಣ ನಿಂಬೆ ಒಂದಕ್ಕೆ ಹೆಚ್ಚುಕಡಿಮೆ 15ರಿಂದ 25 ಮಿಲಿ ರಸ ಬರುತ್ತದೆ. ಅಷ್ಟು ವ್ಯತ್ಯಾಸ ಇರುವುದರಿಂದ 'ಒಂದು ನಿಂಬೆಹಣ್ಣು' ಅನ್ನುವ ಅಳತೆಯನ್ನು ನಂಬಬೇಡಿ. ಫ್ರಿಜ್‌ನಿಂದ ತೆಗೆದ ಹಣ್ಣನ್ನು ಅರ್ಧ ಗಂಟೆ ಹೊರಗಿಟ್ಟು, ಅಂಗೈಯಲ್ಲಿ ಒತ್ತಿ ಉರುಳಿಸಿ ಹಿಂಡಿದರೆ ರಸ ಹೆಚ್ಚು ಸಿಗುತ್ತದೆ. ಕೊನೆಯ ಹನಿಯವರೆಗೆ ಹಿಂಡಲು ಹೋಗಬೇಡಿ. ಸಿಪ್ಪೆಯ ಬಿಳಿ ಭಾಗ ಮತ್ತು ಬೀಜ ಜಜ್ಜಿಹೋದರೆ ರಸ ಕಹಿಯಾಗುತ್ತದೆ, ಹೊತ್ತು ಕಳೆದಂತೆ ಆ ಕಹಿ ಏರುತ್ತದೆ. ಬೆಳಿಗ್ಗೆ ಹಿಂಡಿಟ್ಟ ರಸ ಸಂಜೆಗೆ ಒಪ್ಪುವುದಿಲ್ಲ.

ಉಪ್ಪು ಹಾಕುವುದು ಉಪ್ಪಿನ ರುಚಿಗಾಗಿ ಅಲ್ಲ. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸಿ ಸಿಹಿಯನ್ನು ಮೇಲಕ್ಕೆತ್ತುತ್ತದೆ, ಆಗ ಪಾಕ ಕಡಿಮೆ ಸಾಕು. ಇನ್ನೊಂದು ಮಾತು: ತಂಪಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ತಣ್ಣಗಾಗುವ ಮೊದಲು ರುಚಿ ನೋಡುವುದಾದರೆ ಹುಳಿ, ಸಿಹಿ ಎರಡೂ ಒಂದು ಕೂದಲೆಳೆ ಹೆಚ್ಚೇ ಇರಲಿ. ಐಸ್ ಕರಗಿದ ಮೇಲೆ ಸರಿಯಾಗುತ್ತದೆ.

ಮುರುಗಲು

ದಕ್ಷಿಣ ಕನ್ನಡ, ಉಡುಪಿಯಲ್ಲಿ ಪುನರ್ಪುಳಿ, ಉತ್ತರ ಕನ್ನಡ ಮತ್ತು ಮಲೆನಾಡಿನಲ್ಲಿ ಮುರುಗಲು, ಪೇಟೆಯ ಬಾಟಲಿಯ ಮೇಲೆ ಕೋಕಂ. ಪಶ್ಚಿಮ ಘಟ್ಟದ ಈ ಹಣ್ಣಿನಷ್ಟು ಚೆನ್ನಾಗಿ ಬೇಸಿಗೆಗೆ ಒದಗುವ ಹಣ್ಣು ಇನ್ನೊಂದಿಲ್ಲ. ಹುಳಿ, ಬಣ್ಣ, ಸಣ್ಣ ಒಗರು ಮೂರೂ ಅದರ ಸಿಪ್ಪೆಯಲ್ಲೇ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಸಿಕ್ಕಾಗ ವರ್ಷಕ್ಕಾಗುವಷ್ಟು ಪಾಕ ಮಾಡಿಡುವುದು ಜಾಣತನ.

ಗಾಢ ಕೆಂಪಾಗಿ, ಒತ್ತಿದರೆ ಸ್ವಲ್ಪ ತಗ್ಗುವ ಹಣ್ಣನ್ನೇ ಆರಿಸಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ನೆರಳಿನಲ್ಲಿ ಆರಲು ಬಿಡಿ. ಈ ಹಂತ ಬಿಟ್ಟವರ ಪಾಕವೇ ಬೂಸಲು ಹಿಡಿಯುವುದು. ಹಣ್ಣನ್ನು ಅಡ್ಡಕ್ಕೆ ಕೊಯ್ದು ಬೀಜವಿರುವ ಬಿಳಿ ತೊಳೆಯನ್ನು ತೆಗೆಯಿರಿ. ಸಿಪ್ಪೆಯನ್ನು ತೂಕ ಮಾಡಿ, ಅದರ ಎರಡರಷ್ಟು ಸಕ್ಕರೆ ತೆಗೆದುಕೊಳ್ಳಿ. ಅರ್ಧ ಕಿಲೋ ಸಿಪ್ಪೆಗೆ ಒಂದು ಕಿಲೋ. ಗಾಜಿನ ಜಾಡಿ ಅಥವಾ ಪಿಂಗಾಣಿ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹೀಗೆ ತುಂಬಿ, ಮೇಲಿನ ಪದರ ಸಕ್ಕರೆಯದೇ ಇರಲಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ಸಂಜೆ ಒಳಗೆ ತಂದು ಒಣಗಿದ ಮರದ ಸೌಟಿನಿಂದ ತಳದವರೆಗೆ ಕೈಯಾಡಿಸಿ. ಏಳೆಂಟು ದಿನದಲ್ಲಿ ಸಕ್ಕರೆ ಪೂರ್ತಿ ಕರಗಿ, ಸಿಪ್ಪೆ ಸುಕ್ಕಾಗಿ, ರಸ ಗಾಢ ಕೆಂಪಾಗುತ್ತದೆ. ಸೋಸಿ ಬಾಟಲಿಗೆ ತುಂಬಿ. ಒಂದು ಹನಿ ನೀರೂ ಬೇಡ.

ಸಕ್ಕರೆ ಇಷ್ಟೊಂದು ಏಕೆ ಎಂದು ಕಡಿಮೆ ಮಾಡಿದರೆ ಕೆಲಸ ಕೆಡುತ್ತದೆ. ಅಷ್ಟು ಸಕ್ಕರೆಯ ನಡುವೆ ಬೂಸಲಿಗೂ ಹುಳಿಹಿಡಿಸುವ ಜೀವಾಣುಗಳಿಗೂ ಬೇಕಾದ ನೀರು ಸಿಗುವುದಿಲ್ಲ, ಪಾಕ ಉಳಿಯುವುದು ಅದರಿಂದಲೇ. ಪಾಕದಲ್ಲಿ ಗುಳ್ಳೆ ಏಳುತ್ತಿದ್ದರೆ, ಹೆಂಡದ ವಾಸನೆ ಬಂದರೆ ನೀರಿನಂಶ ಉಳಿದಿತ್ತು ಅಥವಾ ಸಕ್ಕರೆ ಸಾಲಲಿಲ್ಲ ಎಂದರ್ಥ. ಅದನ್ನು ಕುದಿಸಿ ಉಳಿಸಲು ನೋಡಬೇಡಿ, ಚೆಲ್ಲಿಬಿಡಿ. ಬಾಟಲಿಯನ್ನು ಬೆಳಕಿನಿಂದ ದೂರ, ಫ್ರಿಜ್‌ನಲ್ಲಿಡಿ. ಕೆಂಪು ಬಣ್ಣ ಬಿಸಿಗೂ ಬೆಳಕಿಗೂ ಮಾಸಿ ಕಂದಾಗುತ್ತದೆ. ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳವೇ ವಾಸಿ.

ಲೋಟಕ್ಕೆ ಪಾಕ 30 ಮಿಲಿ, ತಣ್ಣೀರು 160 ಮಿಲಿ, ಉಪ್ಪು ಚಿಟಿಕೆ, ಹುರಿದು ಪುಡಿ ಮಾಡಿದ ಜೀರಿಗೆ ಕಾಲು ಚಮಚಕ್ಕಿಂತ ಕಡಿಮೆ. ಖಾರ ಬೇಕಾದವರು ಒಂದು ಸೂಜಿಮೆಣಸನ್ನು ಸೀಳಿ ಐದು ನಿಮಿಷ ಹಾಕಿ ತೆಗೆಯಬಹುದು.

ಹಸಿ ಹಣ್ಣು ಇಲ್ಲದ ಕಾಲದಲ್ಲಿ ಒಣಸಿಪ್ಪೆ. 10ರಿಂದ 12 ಸಿಪ್ಪೆಯನ್ನು ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿಕೊಳ್ಳಿ. ಕೆಲವು ಸಿಪ್ಪೆ ಉಪ್ಪು ಹಾಕಿ ಒಣಗಿಸಿದ್ದಿರುತ್ತದೆ, ಮೊದಲು ನೆಕ್ಕಿ ನೋಡಿ. ಅಂಗಡಿಯಲ್ಲಿ ಮುರುಗಲಿನ ಹತ್ತಿರದ ಬಳಗದ ಉಪ್ಪಾಗೆಯ ಒಣಸಿಪ್ಪೆಯೂ ಕಪ್ಪಗೇ ಇರುತ್ತದೆ. ಅದು ಸಾರಿಗೆ ಒಳ್ಳೆಯದು, ಶರಬತ್ತಿಗೆ ಕೆಂಪು ಬಣ್ಣ ಕೊಡುವುದಿಲ್ಲ. ನೊರೆ ಬರಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಅದರ ಕ್ಷಾರಕ್ಕೆ ಹುಳಿ ಸತ್ತುಹೋಗಿ, ಕೆಂಪು ಬಣ್ಣ ಮಂಕಾದ ನೇರಳೆಗೆ ತಿರುಗುತ್ತದೆ.

ಮಾವಿನಕಾಯಿ, ಬೇಲದಹಣ್ಣು

ಮಾವಿನಕಾಯಿ ಪಾನಕಕ್ಕೆ ತೋತಾಪುರಿ ಸಾಲದು, ಹಲ್ಲು ಜುಮ್ಮೆನ್ನುವ ನಾಟಿ ಕಾಯಿ ಬೇಕು. ತೊಟ್ಟು ಮುರಿದು ಸೊನೆ ಇಳಿಯಲು ಬಿಟ್ಟು, ಅರ್ಧ ಗಂಟೆ ನೀರಿನಲ್ಲಿಡಿ. ಸೊನೆ ಉಳಿದರೆ ಗಂಟಲು ಕೆರೆಯುತ್ತದೆ. ಸಿಪ್ಪೆ ಸಹಿತ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ ಅಥವಾ ಕೆಂಡದಲ್ಲಿ ಸುಡಿ. ಸುಟ್ಟ ಕಾಯಿಯ ಹೊಗೆಯ ಘಮ ಬೇರೆಯೇ, ಸಾಧ್ಯವಿದ್ದರೆ ಅದನ್ನೇ ಮಾಡಿ. ಆರಿದ ಮೇಲೆ ತಿರುಳನ್ನು ಕೈಯಲ್ಲಿ ಕಿವುಚಿ, ತೂಕಕ್ಕೆ ಸಮನಾಗಿ ಬೆಲ್ಲ ಹಾಕಿ. ಬೆಲ್ಲವನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಬೇಕು, ಮರಳು ಇದ್ದೇ ಇರುತ್ತದೆ. ಈ ಗೊಜ್ಜಿನ ಒಂದು ಪಾಲಿಗೆ ಮೂರರಿಂದ ನಾಲ್ಕು ಪಾಲು ನೀರು, ಏಲಕ್ಕಿ, ಕಾಳುಮೆಣಸಿನ ಪುಡಿ, ಉಪ್ಪು.

ಬೇಲದಹಣ್ಣನ್ನು ರಾಮನವಮಿಗೆ ತರುವಾಗ ಮೊಳಕಾಲೆತ್ತರದಿಂದ ನೆಲಕ್ಕೆ ಬಿಟ್ಟು ನೋಡಿ. ಪುಟಿದರೆ ಕಾಯಿ, ಧೊಪ್ಪೆಂದು ಕೂತರೆ ಹಣ್ಣು. ಹಣ್ಣಾದದ್ದು ಚಿಪ್ಪಿನ ಹೊರಗೇ ಘಮ್ಮೆನ್ನುತ್ತದೆ. 150 ಗ್ರಾಂ ತಿರುಳನ್ನು 600 ಮಿಲಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕೈಯಲ್ಲೇ ಕಿವುಚಿ, ಜರಡಿಯಲ್ಲಿ ಉಜ್ಜಿ ಸೋಸಿ. 100 ಗ್ರಾಂ ಬೆಲ್ಲ, ಮೂರು ಏಲಕ್ಕಿ. ಮಿಕ್ಸಿಗೆ ಹಾಕಿದರೆ ಸಣ್ಣ ಬೀಜಗಳು ಒಡೆದು ಪಾನಕ ಒಗರಾಗುತ್ತದೆ.

ಮಿಕ್ಸಿ ಎಲ್ಲಿ ಬೇಡ

ಬೀಜ ಒಡೆದು ರುಚಿ ಕೆಡುವ ತೊಂದರೆ ದಾಳಿಂಬೆ, ಮೂಸಂಬಿ, ಕಿತ್ತಳೆಗೂ ಇದೆ. ದಾಳಿಂಬೆಯನ್ನು ಮಿಕ್ಸಿಯಲ್ಲಿ ಒಂದೆರಡು ಸಲ ಕ್ಷಣಮಾತ್ರ ತಿರುಗಿಸಿ ನಿಲ್ಲಿಸಿ ಸೋಸಿ, ಮೂಸಂಬಿಯನ್ನು ಹಿಂಡಿಯೇ ತೆಗೆದು ಆಗಲೇ ಕುಡಿಯಿರಿ. ಕಲ್ಲಂಗಡಿ ಮಿಕ್ಸಿಯನ್ನು ತಡೆದುಕೊಳ್ಳುತ್ತದೆ, ಬೀಜ ತೆಗೆದಿರಬೇಕು. ಅದಕ್ಕೆ ಐಸ್ ಹಾಕಬೇಡಿ, ಮೊದಲೇ ನೀರಾದ ಹಣ್ಣು ಅದು. ಕಾಲು ಭಾಗ ಹೋಳುಗಳನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಉಳಿದದ್ದರ ಜೊತೆ ರುಬ್ಬಿ, ಲೋಟಕ್ಕೆ 10 ಮಿಲಿ ನಿಂಬೆರಸ ಸೇರಿಸಿ.

ಅನಾನಸ್, ಪರಂಗಿ ಹಣ್ಣನ್ನು ಹಸಿಯಾಗಿ ಹಾಲಿನೊಂದಿಗೆ ಸೇರಿಸಿಟ್ಟರೆ ಕೆಲವೇ ನಿಮಿಷದಲ್ಲಿ ಕಹಿ ಏರುತ್ತದೆ. ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಅನಾನಸನ್ನು ಐದು ನಿಮಿಷ ಕುದಿಸಿ ಆರಿಸಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಪುದೀನವನ್ನು ರುಬ್ಬಬೇಡಿ, ಅಂಗೈ ಮೇಲಿಟ್ಟು ಒಮ್ಮೆ ತಟ್ಟಿ ಹಾಕಿ. ರುಬ್ಬಿದ ಎಲೆ ಕಪ್ಪಾಗಿ ಕಹಿ ಬಿಡುತ್ತದೆ. ಶುಂಠಿ ರಸವನ್ನು ಹತ್ತು ನಿಮಿಷ ಬಿಟ್ಟು, ತಳದಲ್ಲಿ ಕೂತ ಬಿಳಿ ಪಿಷ್ಟ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಕಾಮಕಸ್ತೂರಿ ಬೀಜ ಒಂದು ಚಮಚಕ್ಕೆ ಅರ್ಧ ಲೋಟ ನೀರು ಹಾಕಿ ಹದಿನೈದು ನಿಮಿಷ ನೆನೆಸಿ.

ಗೇರುಹಣ್ಣು

ಕರಾವಳಿಯಲ್ಲಿ ಬೀಜ ಕಿತ್ತುಕೊಂಡು ಹಣ್ಣನ್ನು ತೋಟದಲ್ಲೇ ಎಸೆಯುತ್ತಾರೆ. ಇಷ್ಟು ರಸವಿರುವ ಹಣ್ಣು ಹಾಗೆ ಕೊಳೆಯುವುದು ನೋಡಲಾಗದ ಸಂಗತಿ. ಅಡ್ಡಿಯಾಗಿರುವುದು ಗಂಟಲು ಹಿಡಿಯುವ ಅದರ ಒಗರು. ಅದನ್ನು ತೆಗೆಯಲು ಪಿಷ್ಟ ಸಾಕು. ಆಗತಾನೆ ಬಿದ್ದ ಹಣ್ಣನ್ನು ತೊಳೆದು, ಹಿಂಡಿ, ಸೋಸಿ. ಒಂದು ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿಯನ್ನು ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಪೂರ್ತಿ ಆರಿಸಿ ರಸಕ್ಕೆ ಕದಡಿ. ಫ್ರಿಜ್‌ನಲ್ಲಿ ರಾತ್ರಿಯಿಡೀ ಅಲುಗಿಸದೆ ಬಿಡಿ. ಒಗರಿನ ಟ್ಯಾನಿನ್ ಪಿಷ್ಟಕ್ಕೆ ಅಂಟಿ ತಳ ಸೇರುತ್ತದೆ. ಮೇಲಿನ ತಿಳಿಯನ್ನು ನಿಧಾನವಾಗಿ ಬಗ್ಗಿಸಿ. ಇನ್ನೂ ಕೆರೆದರೆ ಮತ್ತೊಮ್ಮೆ ಮಾಡಬಹುದು. ಹೊರಗಿಟ್ಟರೆ ಒಂದೇ ದಿನದಲ್ಲಿ ಹುಳಿಯುತ್ತದೆ. ತಿಳಿ ರಸ 120 ಮಿಲಿ, ನಿಂಬೆ 10 ಮಿಲಿ, ಪಾಕ 15 ಮಿಲಿ, ಉಪ್ಪು, ಐಸ್.

ಸೋಡಾ, ಕಾಕ್‌ಟೇಲ್

ಗ್ಯಾಸ್ ತಣ್ಣಗಿನ ನೀರಿನಲ್ಲೇ ನಿಲ್ಲುವುದು, ಆದ್ದರಿಂದ ಸೋಡಾ ಬಾಟಲಿ ನಾಲ್ಕೈದು ಗಂಟೆ ಫ್ರಿಜ್‌ನಲ್ಲಿದ್ದಿರಬೇಕು. ಲೋಟಕ್ಕೆ ಮೊದಲು ಪಾಕ ಮತ್ತು ರಸ, ಆಮೇಲೆ ಐಸ್, ಕೊನೆಗೆ ಅಂಚಿನ ಮೇಲಿಂದ ಸೋಡಾ. ಚಮಚವನ್ನು ತಳದಿಂದ ಒಮ್ಮೆ ಮೇಲಕ್ಕೆಳೆದರೆ ಸಾಕು, ಕಲಕಿದಷ್ಟೂ ಗ್ಯಾಸ್ ಹೋಗುತ್ತದೆ. ಐಸ್ ಟ್ರೇ ಮುಚ್ಚಿಡಿ. ಇಂಗು, ಈರುಳ್ಳಿ, ದೋಸೆ ಹಿಟ್ಟಿನ ವಾಸನೆಯನ್ನೆಲ್ಲ ಐಸ್ ಹೀರಿಕೊಳ್ಳುತ್ತದೆ.

ಮದ್ಯ ಸೇರಿಸುವವರಿಗೆ ನೆನಪಿಡಬೇಕಾದ ಅಳತೆ ಒಂದೇ: ಮದ್ಯ 60 ಮಿಲಿ, ಹುಳಿರಸ 25, ಪಾಕ 20. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ. ಮುಕ್ಕಾಲು ಭಾಗ ದೊಡ್ಡ ಐಸ್ ತುಂಡು ತುಂಬಿ, 12ರಿಂದ 15 ಸೆಕೆಂಡು ಜೋರಾಗಿ ಕುಲುಕಿ, ಸೋಸಿ. ಆಗಲೇ ಕರಗತೊಡಗಿದ ಪುಡಿ ಐಸ್ ಹಾಕಿದರೆ ಕಾಕ್‌ಟೇಲ್ ನೀರಾಗುತ್ತದೆ. ಸೋಡಾವನ್ನು ಡಬ್ಬಿಗೆ ಎಂದೂ ಹಾಕಬೇಡಿ, ಮುಚ್ಚಳ ಹಾರುತ್ತದೆ.

ಮುರುಗಲು ಜಿನ್: ಜಿನ್ 45 ಮಿಲಿ, ಮುರುಗಲು ಪಾಕ 20, ನಿಂಬೆ 10, ಮೇಲೆ ಸೋಡಾ 120. ಜಿನ್ನಿಗೆ ಹಾಕುವ ಜುನಿಪರ್ ಕಾಯಿ, ಬೇರುಗಳ ಘಮಕ್ಕೆ ಮುರುಗಲಿನ ಒಗರು ಹೇಳಿ ಮಾಡಿಸಿದಂತಿದೆ. ಗೋವಾದ ಗೇರು ಫೆನಿಗೆ ಘಾಟು ಹೆಚ್ಚು. 45 ಮಿಲಿ ಫೆನಿ, 15 ನಿಂಬೆ, 10 ಪಾಕ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸು, ಸೋಡಾ. ಕಲ್ಲಂಗಡಿಯಂಥ ಮೆತ್ತನೆ ರುಚಿಯನ್ನು ಫೆನಿ ಮುಚ್ಚಿಹಾಕುತ್ತದೆ, ಅದಕ್ಕೆ ವೋಡ್ಕಾ ಅಥವಾ ಬಿಳಿ ರಮ್ ಹೊಂದುತ್ತದೆ. ಸಿಹಿಯ ಹಿಂದೆ ಮದ್ಯದ ಪ್ರಮಾಣ ನಾಲಿಗೆಗೆ ತಿಳಿಯುವುದಿಲ್ಲ, ಕಣ್ಣಳತೆಯಲ್ಲಿ ಸುರಿಯಬೇಡಿ. ಕುಡಿದವರು ಗಾಡಿ ಮುಟ್ಟಬಾರದು. ಮದ್ಯ ಬೇಡದವರಿಗೆ ಅದೇ ಲೋಟದಲ್ಲಿ 60 ಮಿಲಿ ಗೇರು ತಿಳಿ ಮತ್ತು ಒಂದು ಚಮಚ ಶುಂಠಿ ರಸ ಹಾಕಿದರೆ ಗಂಟಲಿಗೆ ಬೇಕಾದ ಚುರುಕು ಸಿಗುತ್ತದೆ.

ಹತ್ತು ಜನಕ್ಕೆ ಜಗ್ಗಿನಲ್ಲಿ ಮೊದಲೇ ಕಲಸಿಡುವುದಾದರೆ, ಕುಲುಕುವಾಗ ಐಸ್‌ನಿಂದ ಬರುವ ನೀರು ಅಲ್ಲಿ ಸೇರಿರುವುದಿಲ್ಲ. ಮದ್ಯ, ರಸ, ಪಾಕ ಸೇರಿ ಒಂದು ಲೀಟರ್ ಆದರೆ 200ರಿಂದ 250 ಮಿಲಿ ತಣ್ಣೀರನ್ನು ನೀವೇ ಹಾಕಿ, ಎರಡು ಗಂಟೆ ಫ್ರಿಜ್‌ನಲ್ಲಿಡಿ. ನಿಂಬೆರಸವನ್ನು ಮಾತ್ರ ಅತಿಥಿಗಳು ಬರುವ ಸ್ವಲ್ಪ ಮೊದಲು ಹಿಂಡಿ ಸೇರಿಸಿ, ಸೋಡಾವನ್ನು ಪ್ರತಿ ಲೋಟಕ್ಕೂ ಬೇರೆಯಾಗಿ ಹಾಕಿ.