ಬೆರೆನಿಕೆಯ ಕೂದಲು: ಒಂದು ಲ್ಯಾಟಿನ್ ಪದ್ಯದ ಪಾಠ ಪರಿಷ್ಕರಿಸಿದ್ದು

ಲ್ಯಾಟಿನ್ ಕವಿ ಕಟುಲ್ಲಸ್‌ನ 66ನೇ ಪದ್ಯದ ಪಾಠವನ್ನು, ಅಂದರೆ ಅದರಲ್ಲಿ ಕವಿ ಬರೆದ ಪದಗಳು ಯಾವುವು ಅನ್ನೋದನ್ನು, ನಾನು ಮೊದಲಿನಿಂದ ಕೊನೆವರೆಗೆ ಪರಿಷ್ಕರಿಸಿದ್ದೇನೆ. ‘ಅಚ್ಚಾದ ಪುಸ್ತಕ ಇದೆಯಲ್ಲ, ಇನ್ನೇನು ಪರಿಷ್ಕರಿಸೋದು?’ ಅಂತ ಕೇಳುವವರು ಜಾಸ್ತಿ. ಅಚ್ಚಾದ ಸಾಲಿನ ಹಿಂದೆ ಯಾರೋ ಒಬ್ಬ ಸಂಪಾದಕ ಮಾಡಿದ ತೀರ್ಮಾನ ಇರುತ್ತದೆ. ಅದನ್ನು ಮತ್ತೆ ತೂಗಿ ನೋಡೋದೇ ಈ ಕೆಲಸ.

ಕಟುಲ್ಲಸ್ ಬದುಕಿದ್ದು ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ. ಅವನ ಪದ್ಯಗಳು ಹೆಚ್ಚುಕಮ್ಮಿ ಒಂದೇ ಹಸ್ತಪ್ರತಿಯ ದೆಸೆಯಿಂದ ಉಳಿದಿವೆ. ಅದು 1300ರ ಆಸುಪಾಸಿನಲ್ಲಿ ಇಟಲಿಯ ವೆರೋನಾದಲ್ಲಿ ಕಾಣಿಸಿಕೊಂಡಿತು, ಆಮೇಲೆ ಕಳೆದೇ ಹೋಯಿತು. ಅದರ ಮಾತು ನಮಗೆ ಕೇಳೋದು ಮೂರು ಹಳೇ ಪ್ರತಿಗಳ ಮೂಲಕ. ಒಂದು ಆಕ್ಸ್‌ಫರ್ಡ್‌ನಲ್ಲಿದೆ, ಒಂದು ಪ್ಯಾರಿಸ್‌ನಲ್ಲಿದೆ, ಇನ್ನೊಂದು ವ್ಯಾಟಿಕನ್‌ನಲ್ಲಿ. ವ್ಯಾಟಿಕನ್ ಪ್ರತಿ ಅಲ್ಲೇ ಯಾರ ಕಣ್ಣಿಗೂ ಬೀಳದೆ ಕೂತಿತ್ತು. 1896ರಲ್ಲಿ ಅಮೆರಿಕದ ವಿದ್ವಾಂಸ ಹೇಲ್ ಅದನ್ನು ಗುರುತಿಸಿದ. ಪ್ಯಾರಿಸ್ ಪ್ರತಿಯ ಮೇಲೆ 1375ರ ತಾರೀಖಿದೆ. ಅದರ ಕೊನೆಯಲ್ಲಿ ಲಿಪಿಕಾರ ಓದುಗನ ಕ್ಷಮೆ ಕೇಳುತ್ತಾನೆ: ನನಗೆ ಸಿಕ್ಕ ಮೂಲ ಪ್ರತಿಯೇ ತೀರಾ ಕೆಟ್ಟಿತ್ತು, ಬೇರೆ ಯಾವುದೂ ಸಿಗಲಿಲ್ಲ ಅಂತ. ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಅವನ ಕಷ್ಟವೇ ಇವತ್ತು ನಮ್ಮ ಕಷ್ಟ.

ಮೊದಲ ಕೆಲಸ ಪ್ರತಿಗಳನ್ನು ಹೋಲಿಸೋದು. ಮೂರೂ ಪ್ರತಿಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಬರೆದುಕೊಂಡೆ. ಇಲ್ಲಿ ಒಂದೇ ನಿಯಮ. ಕಣ್ಣಿಗೆ ಕಂಡಿದ್ದನ್ನು ಬರೀಬೇಕು, ಅರ್ಥ ಆಗಿದ್ದನ್ನಲ್ಲ. ಆ ಕಾಲದ ಬರವಣಿಗೆಯಲ್ಲಿ ‘ಎಮ್’ ಅಂದರೆ ಮೂರು ಗೀಟು, ‘ಯು’ ಮತ್ತು ‘ಎನ್’ ಅಂದರೆ ಎರಡೆರಡು, ‘ಐ’ ಅಂದರೆ ಒಂದು. ಇವು ಸಾಲಾಗಿ ಬಂದರೆ ಬರೀ ಗೀಟುಗಳೇ. ‘ಸಿ’ ಮತ್ತು ‘ಟಿ’ ಕೂಡ ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಅಚ್ಚಾದ ಪಾಠವನ್ನು ಪಕ್ಕದಲ್ಲಿ ತೆರೆದಿಟ್ಟರೆ ಕಣ್ಣು ಅದನ್ನೇ ಓದಿಬಿಡುತ್ತದೆ. ಅದಕ್ಕೇ ಹೋಲಿಕೆ ಮುಗಿಯುವವರೆಗೂ ಅಚ್ಚಿನ ಪುಸ್ತಕ ಮುಚ್ಚಿಟ್ಟಿದ್ದೆ.

ಪದ್ಯದ ಕತೆ ಇಷ್ಟು. ಈಜಿಪ್ಟಿನ ರಾಣಿ ಬೆರೆನಿಕೆಯ ಗಂಡ ಮೂರನೇ ಟಾಲೆಮಿ ಯುದ್ಧಕ್ಕೆ ಹೊರಟ. ಅವನು ಸುಖವಾಗಿ ಮರಳಿದರೆ ಮುಡಿ ಕೊಡುತ್ತೇನೆ ಅಂತ ಅವಳು ಹರಕೆ ಹೊತ್ತಳು, ತೀರಿಸಿದಳು. ಗುಡಿಯಲ್ಲಿಟ್ಟ ಕೂದಲು ಮಾಯವಾಯಿತು. ಅದು ಆಕಾಶದಲ್ಲಿ ನಕ್ಷತ್ರಪುಂಜವಾಗಿದೆ ಅಂತ ಕೊನೊನ್ ಎಂಬ ಖಗೋಳಜ್ಞ ತೋರಿಸಿದ. ಇಡೀ ಪದ್ಯ ಆ ಕೂದಲೇ ಆಡುವ ಮಾತು. ಗ್ರೀಕಿನಲ್ಲಿ ಬರೆದವನು ಕಲ್ಲಿಮಾಕಸ್, ಅದನ್ನು ಲ್ಯಾಟಿನ್ನಿಗೆ ತಂದವನು ಕಟುಲ್ಲಸ್.

47ನೇ ಸಾಲಿನಲ್ಲಿ ಕೂದಲು ಕೇಳುತ್ತದೆ: ಬೆಟ್ಟವೇ ಕಬ್ಬಿಣಕ್ಕೆ ಸೋತಿರುವಾಗ ಕೂದಲು ಏನು ತಾನೇ ಮಾಡೀತು? 48ರಲ್ಲಿ ಶಾಪ ಹಾಕುತ್ತದೆ. ಆಕ್ಸ್‌ಫರ್ಡ್ ಪ್ರತಿಯಲ್ಲಿ ಅಲ್ಲಿರೋದು ‘ಕೆಲೆರುಮ್’. ‘ಜುಪಿಟರನೇ, ವೇಗಿಗಳ ಕುಲವೆಲ್ಲ ನಾಶವಾಗಲಿ’ ಅಂತಾಯಿತು. ವೇಗಿಗಳು ಯಾರು? ಕೂದಲಿಗೆ ಅವರ ಮೇಲೇಕೆ ಸಿಟ್ಟು? ಅರ್ಥ ಇಲ್ಲ. ಛಂದಸ್ಸಂತೂ ಇನ್ನೂ ಖಚಿತವಾಗಿ ಬೇಡ ಅನ್ನುತ್ತದೆ. ಈ ಸಾಲು ಎರಡು ಅರ್ಧವಾಗಿ ಒಡೆಯುತ್ತದೆ, ಮೊದಲ ಅರ್ಧ ಗುರುವಿನಲ್ಲೇ ನಿಲ್ಲಬೇಕು. ಆದರೆ ಲ್ಯಾಟಿನ್ನಿನಲ್ಲಿ ಕೊನೆಯ ‘ಉಮ್’ ಮುಂದೆ ಸ್ವರ ಬಂದರೆ ಬಿದ್ದುಹೋಗುತ್ತದೆ, ನಮ್ಮ ಲೋಪಸಂಧಿಯಲ್ಲಿ ‘ಊರು’ ಮತ್ತು ‘ಎಲ್ಲ’ ಸೇರಿ ‘ಊರೆಲ್ಲ’ ಆಗೋ ಹಾಗೆ. ಮುಂದಿನ ಪದ ‘ಒಮ್ನೆ’. ಹಾಗಾಗಿ ‘ಕೆಲೆರೊಮ್ನೆ’ ಆಗಿ ಒಂದು ಅಕ್ಷರ ಕಮ್ಮಿಯಾಗುತ್ತದೆ, ನಿಲುಗಡೆ ಪದದ ನಡುವೆ ಬೀಳುತ್ತದೆ.

ಇಟಲಿಯ ಫ್ಲಾರೆನ್ಸಿನ ವಿದ್ವಾಂಸ ಪೊಲಿಜಿಯಾನೊ 1489ರಲ್ಲಿ ಇಲ್ಲಿ ‘ಖಲಿಬೊನ್’ ಇರಬೇಕು ಅಂದ. ಕಪ್ಪು ಸಮುದ್ರದ ತೀರದ ಖಲಿಬರು ಕಬ್ಬಿಣದ ಕೆಲಸಕ್ಕೆ ಹೆಸರಾದ ಜನ. ಕಲ್ಲಿಮಾಕಸನ ಆ ಮಾತನ್ನು ಬೇರೊಂದು ಗ್ರೀಕ್ ಕಾವ್ಯದ ಹಳೇ ಟಿಪ್ಪಣಿಯಲ್ಲಿ ಯಾರೋ ಉದ್ಧರಿಸಿದ್ದರು, ಅದನ್ನು ಅವನು ಹುಡುಕಿ ತೆಗೆದಿದ್ದ. ‘ಖ’ ಲಘು, ‘ಲಿ’ ಲಘು, ‘ಬೊನ್’ ಗುರು. ಕೊನೆಯ ‘ಒನ್’ ಗ್ರೀಕ್ ಪ್ರತ್ಯಯ, ಅದು ಸ್ವರದ ಮುಂದೆ ಬೀಳೋದಿಲ್ಲ. ಅರ್ಥವೂ ಕೂಡಿತು, ಛಂದಸ್ಸೂ ಕೂಡಿತು. ತಪ್ಪು ಹೇಗೆ ಹುಟ್ಟಿತು ಅನ್ನೋದೂ ತಿಳಿಯಿತು. ಕೇಳರಿಯದ ಗ್ರೀಕ್ ಹೆಸರು ಕಂಡ ಲಿಪಿಕಾರ ತನಗೆ ಗೊತ್ತಿದ್ದ ಲ್ಯಾಟಿನ್ ಪದ ಬರೆದ. 1929ರಲ್ಲಿ ಈಜಿಪ್ಟಿನ ಪಪೈರಸ್ (ಜೊಂಡಿನಿಂದ ಮಾಡುತ್ತಿದ್ದ ಹಳೇ ಕಾಲದ ಕಾಗದ) ಚೂರೊಂದು ಪ್ರಕಟವಾಯಿತು. ಕಲ್ಲಿಮಾಕಸನ ಮೂಲ ಸಾಲು ಅದರಲ್ಲಿತ್ತು, ಅಲ್ಲಿ ಖಲಿಬರೇ ಇದ್ದರು! 440 ವರ್ಷ ಆದಮೇಲೆ ಸಿಕ್ಕ ಸಾಕ್ಷಿ. ಒಳ್ಳೆಯ ಊಹೆ ಅಂದರೆ ಸುಮ್ನೆ ತೋಚಿದ್ದಲ್ಲ, ಅಲ್ವಾ?

78ನೇ ಸಾಲಿಗೆ ಬಂದಾಗ ನಿಜವಾಗಿ ಯೋಚಿಸಬೇಕಾಯಿತು. ಪ್ರತಿಗಳಲ್ಲಿರೋದು ‘ಮಿಲಿಯ’, ಅಂದರೆ ಸಾವಿರಾರು. ಕೂದಲು ಸಾವಿರಾರು ಸುಗಂಧ ಕುಡಿಯಿತು ಅಂತ ಎಳೆದಾಡಿ ಅರ್ಥ ಹೇಳಬಹುದು, ಬಹಳ ಜನ ಹೇಳಿದ್ದೂ ಉಂಟು. ಆದರೆ ಇನ್ನೊಂದು ಪಪೈರಸ್‌ನಲ್ಲಿ ಗ್ರೀಕ್ ಹೀಗಿದೆ: ರಾಣಿ ಕನ್ಯೆಯಾಗಿದ್ದಾಗ ಸಾದಾ ಎಣ್ಣೆ ಬೇಕಾದಷ್ಟು ಕುಡಿದೆ, ಮದುವೆಯಾದವರ ಸುಗಂಧ ಸಿಗಲಿಲ್ಲ. ಅದನ್ನು ನೋಡಿ ಲೋಬೆಲ್ ಎಂಬ ವಿದ್ವಾಂಸ ‘ವಿಲಿಯ’ ಅಂತ ತಿದ್ದಿದ. ಅಂದರೆ ಅಗ್ಗದ್ದು, ಸಾದಾ. ಬರವಣಿಗೆಯಲ್ಲಿ ಮೂರು ಗೀಟಿನ ಬದಲು ಎರಡು, ಅಷ್ಟೇ ವ್ಯತ್ಯಾಸ. ನಾನು ‘ವಿಲಿಯ’ವನ್ನೇ ಮೇಲಿಟ್ಟೆ, ‘ಮಿಲಿಯ’ವನ್ನು ಅಡಿಟಿಪ್ಪಣಿಗೆ ಇಳಿಸಿದೆ.

ಹಾಗಂತ ಗ್ರೀಕ್ ಕೈಯಲ್ಲಿದೆ ಅಂತ ಲ್ಯಾಟಿನ್ನನ್ನು ಎಲ್ಲೆಂದರಲ್ಲಿ ತಿದ್ದುವ ಹಾಗಿಲ್ಲ. 79ರಿಂದ 88ರವರೆಗಿನ ಹತ್ತು ಸಾಲು ಆ ಪಪೈರಸ್‌ನಲ್ಲಿ ಇಲ್ಲವೇ ಇಲ್ಲ. ಕಟುಲ್ಲಸ್ ತಾನೇ ಸೇರಿಸಿದನೋ, ಅವನ ಕೈಲಿದ್ದ ಗ್ರೀಕ್ ಪಾಠವೇ ಬೇರೆಯಿತ್ತೋ, ಎರಡಕ್ಕೂ ವಾದ ಇದೆ. ಅದಕ್ಕೇ ಗ್ರೀಕನ್ನು ನಾನು ಸಾಕ್ಷಿಯಾಗಿ ಕರೆದೆ, ನ್ಯಾಯಾಧೀಶನಾಗಿ ಕೂರಿಸಲಿಲ್ಲ. ಅದೇ ರೀತಿ, ಪ್ರತಿಯಲ್ಲಿ ಇದ್ದದ್ದನ್ನೇ ಇಡೋದು ಸುರಕ್ಷಿತ ಅನ್ನೋ ಮಾತನ್ನೂ ಒಪ್ಪೋದಿಲ್ಲ. ಕೆಟ್ಟ ಪಾಠವನ್ನು ಉಳಿಸಿಕೊಂಡರೂ ‘ಕವಿ ಹೀಗೇ ಬರೆದ’ ಅಂತ ನಾವೇ ಹೇಳಿದ ಹಾಗಾಗುತ್ತದೆ. ಅದಕ್ಕೂ ಕಾರಣ ಕೊಡಬೇಕು.

ಅಡಿಟಿಪ್ಪಣಿಯಲ್ಲಿ ಪ್ರತಿ ತಿದ್ದುಪಡಿಯ ಪಕ್ಕ ಮೊದಲು ಸೂಚಿಸಿದವರ ಹೆಸರು, ಆಮೇಲೆ ಪ್ರತಿಗಳಲ್ಲಿರುವ ಪಾಠ, ಅಕ್ಷರ ಬಿಡದೆ ಬರೆದೆ. ನನ್ನ ತೀರ್ಮಾನ ಸರಿಯಿಲ್ಲ ಅನ್ನಿಸಿದವರಿಗೆ ಎಲ್ಲ ಅಲ್ಲೇ ಸಿಗಬೇಕು.

59ನೇ ಸಾಲಿನ ಮೊದಲಲ್ಲಿ ಪ್ರತಿಗಳು ‘ಹಿ ದೀ ವೆನ್ ಇಬಿ’ ಅನ್ನುತ್ತವೆ. ಪಪೈರಸ್ ಅಲ್ಲಿ ಹರಿದಿದೆ. ವಿದ್ವಾಂಸರು ಸೂಚಿಸಿದ ಪಾಠಗಳನ್ನು ಒಂದೊಂದಾಗಿ ಛಂದಸ್ಸಿಗೂ ಅರ್ಥಕ್ಕೂ ಅಕ್ಷರಗಳಿಗೂ ಹಚ್ಚಿ ನೋಡಿದೆ. ಮೂರನ್ನೂ ಒಟ್ಟಿಗೆ ತೃಪ್ತಿಪಡಿಸುವ ಪಾಠ ನನಗೆ ಕಾಣಲಿಲ್ಲ. ಆ ನಾಲ್ಕು ಪದಗಳ ಎರಡೂ ಕಡೆ ಕಠಾರಿ ಗುರುತು (†), ಅಂದರೆ ‘ಪಾಠ ಕೆಟ್ಟಿದೆ, ಸರಿಪಡಿಸಲಾಗಲಿಲ್ಲ’ ಅನ್ನೋ ಗುರುತು, ಹಾಕಿ ಹಾಗೇ ಬಿಟ್ಟಿದ್ದೇನೆ.